ಕಿಸೆಗೆ ಹೋದ ಪೆನ್ನು

"ಪರಪ್ಪನ ಹೊಟ್ಯಾಗ ಬಿದ್ದ ಮಾತು ಅಲ್ಲೇ ಕರಗತೈತಿ ನೋಡ್ರಿ," ಎನ್ನುತ್ತಿದ್ದರು ನಮ್ಮ ಓಣಿಯವರು. ಪತ್ರಕರ್ತನನ್ನು ಯಾರಾದರೂ ಹೀಗೆ ಹೊಗಳುವುದುಂಟೇ? ಆದರೆ ಪರಪ್ಪ ಹಾಗೇ ಇದ್ದ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ರಾಜಕೀಯ ಸುದ್ದಿಗಾಗಿ ಬೈಕಿನ ಮೇಲೆ ಅಲೆದವನು. ಯಾರ ಮನೆಯಲ್ಲಿ ಕೂತರೂ ಮೊದಲು ಕೇಳುವುದು ಒಂದೇ: "ಇದು ಪೇಪರಿಗೋ, ನಮ್ಮೊಳಗೋ?" ನಮ್ಮೊಳಗ ಅಂದರೆ ಸಾಕು, ಪೆನ್ನು ಕಿಸೆಗೆ ಹೋಗುತ್ತಿತ್ತು. ಆ ಮಾತು ಎಂದೂ ಅಚ್ಚಾಗುತ್ತಿರಲಿಲ್ಲ.

ಪರಪ್ಪನ ಪಕ್ಕದ ಮನೆಯ ದಾವಲಮಲಿಕ ಕಾಕಾ ಒಮ್ಮೆ ಚಹಾ ಕುಡಿಯುತ್ತ ಅವನಿಗೆ ಹೇಳಿದ್ದ. ಮೊಹರಮ್ಮಿನ ಮೆರವಣಿಗೆಯ ಡೋಲಿಗೆ ಮೊದಲು ಯಾರು ಹೆಗಲು ಕೊಡಬೇಕೆಂದು ಊರಿನ ಒಂದು ಹಿಂದೂ ಮನೆತನಕ್ಕೂ ಒಂದು ಮುಸ್ಲಿಂ ಮನೆತನಕ್ಕೂ ಮುನಿಸು ಬಂದಿತ್ತು, ಹಿರಿಯರು ಕೂತು ಬಗೆಹರಿಸಿದರು ಎಂದು. ಆಗಲೂ ಪೆನ್ನು ಕಿಸೆಯಲ್ಲೇ ಇತ್ತು.

ಮುಂದೆ ಪಕ್ಷವೊಂದು ಪರಪ್ಪನನ್ನು ಸಲಹೆಗಾರನನ್ನಾಗಿ ಮಾಡಿಕೊಂಡಿತು. ಕಾರು ಬಂತು. ಅವರಿಗೆ ಬೇಕಾದದ್ದು ಅವನು ಬರೆಯದೆ ಬಿಟ್ಟ ಸುದ್ದಿ. ಚುನಾವಣೆಗೆ ಕರೆದ ಪಕ್ಷದ ಒಳಸಭೆಯಲ್ಲಿ, ತನಗೆಷ್ಟು ಗೊತ್ತು ಎಂದು ತೋರಿಸುವ ಹುರುಪಿಗೆ, ಡೋಲಿಯ ಮಾತು ಆಡಿಯೇಬಿಟ್ಟ. ಅಭ್ಯರ್ಥಿ ನಮ್ಮೂರಿಗೆ ಬಂದು ಮೈಕಿನಲ್ಲಿ ಅದನ್ನೇ ಕೂಗಿದ. ಹಳೆಯ ಮುನಿಸು ಹೊತ್ತಿಕೊಂಡಿತು. ಆ ವರ್ಷ ಡೋಲಿ ಏಳಲಿಲ್ಲ.

ಆದರೂ ಕಾಕಾನ ಹೆಂಡತಿ ಮಾಬುಬಿ ಎಂದಿನಂತೆ ಪರಪ್ಪನ ಮನೆಗೆ ಹಬ್ಬದ ಸಿಹಿ ಚೊಂಗೆ ತಂದಳು.

"ತಿನ್ನೋ ತಮ್ಮಾ. ಒಳಗಿನ ಮಾತು ನಿಮ್ಮ ಕಾಕಾನೇ ಹೊರಗ ಹಾಕ್ಯಾನಂತ ಊರ ಮಂದಿ ಅವರ ಜೋಡಿ ಮಾತು ಬಿಟ್ಟಾರ."

"ಕಾಕಾ ಏನಂತಾನ?"

"ಯಾರ ಮುಂದ ಆಡೀರಿ ಹೇಳ್ರಿ ಅಂದ್ರ ಬಾಯಿ ಬಿಡವಲ್ರು. ಅದು ನಮ್ಮೊಳಗಿನ ಮಾತು ಅಂತಾರ, ಅಷ್ಟ."

ಪರಪ್ಪ ಕೈಯಲ್ಲಿದ್ದ ಚೊಂಗೆಯನ್ನು ತಟ್ಟೆಗೆ ಮರಳಿ ಇಟ್ಟ. ತಾನು ಕಾಯದ ಮಾತನ್ನು ಆ ಮುದುಕ ಇನ್ನೂ ಕಾಯುತ್ತಿದ್ದಾನೆ! ತಾಯಿ ಚನ್ನವ್ವ ಮಗನ ಮುಖ ನೋಡಿದಳು. ಮಾತು ಹೊರಗೆ ಹಾಕಿದವನು ಇವನೇ ಎಂದು ತಿಳಿಯಿತು. "ಏಳು. ಕಟ್ಟಿ ಮ್ಯಾಲ ಮಂದಿ ಕುಂತಾರ, ಹೋಗಿ ಹೇಳು," ಎಂದಳು.

ತಲೆ ತಗ್ಗಿಸಿ ಎಲ್ಲರೆದುರು ಹೇಳಿದ. ಯಾರೂ ಬೈಯಲಿಲ್ಲ. ಹಿರಿಯನೊಬ್ಬ ಮಾತ್ರ, "ಪೇಪರಿನ್ಯಾಗರ ಹಾಕಬೇಕಿತ್ತಲೋ, ಮರುದಿನ ಅದರಾಗ ಭಜಿ ಕಟ್ಟಿಸಿಕೊಂಡು ಒಗೀತಿದ್ವಿ," ಎಂದ. ಯಾರೋ ನಕ್ಕರು. ಪರಪ್ಪನಿಗೆ ಆ ನಗೆ ಬೈಗುಳಕ್ಕಿಂತ ಭಾರವಾಯಿತು.

ಮರುದಿನ, ಊರಿಗೆ ಮುಖ ತೋರಿಸಲಾರದೆ, ಚೀಲ ಹಿಡಿದು ಮನೆಯಿಂದ ಹೊರಬಿದ್ದ. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಅವನು ಹೊರಟಾಗ ಕಾಕಾನ ಪಡಸಾಲೆಯಲ್ಲಿ ಆಗಲೇ ಮಂದಿ ಸೇರಿದ್ದರು. ಏನೋ ಹೇಳುತ್ತಿದ್ದ ಕಾಕಾ ಅವನನ್ನು ಕಂಡು ಮಾತು ನಿಲ್ಲಿಸಿದ.

"ಹುಷಾರಿಂದ ಹೋಗಪಾ," ಎಂದ, ಪ್ರೀತಿಯಿಂದಲೇ.

ಪರಪ್ಪ ಓಣಿ ದಾಟುವ ತನಕ ಕಾಕಾ ಉಳಿದ ಮಾತು ಆಡಲಿಲ್ಲ.