ತಾಮ್ರದ ತಂತಿಯ ಪೆಡಲು

ಹಳೇ ಸೈಕಲ್ ಪೆಡಲು ಕೂಡಿಡುವ ಹುಚ್ಚಿನವನೊಬ್ಬ ಮೊನ್ನೆ ಮನೆ ಹುಡುಕಿಕೊಂಡು ಬಂದ. ಅಟ್ಟದಿಂದ ಗೋಣಿಚೀಲ ಇಳಿಸಿ ಬಾಯಿ ಬಿಚ್ಚಿದೆ. ತುಕ್ಕು, ಒಣಗಿದ ಗ್ರೀಸಿನ ವಾಸನೆ... ಎದುರುಮನೆ ಅಕ್ಕ ಎದುರಿಗೇ ಬಂದು ನಿಂತಂತಾಯಿತು.

ಬೇತಮಂಗಲದ ಪಕ್ಕದ ಆ ಹಳ್ಳಿಗೆ ನಾನು ಸೊಸೆಯಾಗಿ ಹೋಗುವಷ್ಟರಲ್ಲಿ ಅವಳ ಗಂಡ ಕಾಣೆಯಾಗಿ ವರ್ಷಗಳಾಗಿದ್ದವು. ಊರಿಗಾಂ ಚಿನ್ನದ ಗಣಿಗೆ ಪಾಳಿಗೆಂದು ಸೈಕಲ್ ಹತ್ತಿದವನು ಅಲ್ಲಿಗೂ ಮುಟ್ಟಲಿಲ್ಲ, ಮನೆಗೂ ಬರಲಿಲ್ಲ. ಮಾರಿಕುಪ್ಪಂನಲ್ಲಿ ರೈಲು ಹತ್ತಿ ಓಡಿಹೋದ ಅಂದವರೂ ಉಂಟು. ಸೈಕಲ್ ಸಿಕ್ಕರೆ ಮನುಷ್ಯ ಸಿಗುತ್ತಾನೆ ಅನ್ನುವುದು ಅಕ್ಕನ ಹಟ. ಕದ್ದ ಸೈಕಲ್ಲಿಗೆ ಬಣ್ಣ ಬಳಿಯಬಹುದು, ಪೆಡಲಿಗೆ ಯಾರು ಬಳಿಯುತ್ತಾರೆ? ಗಣಿಯಲ್ಲಿ ಅವನ ಬಲಗಾಲಿನ ಬೆರಳು ಜಜ್ಜಿಹೋದ ಮೇಲೆ, ಪಾದ ಜಾರದಿರಲೆಂದು ಬಲ ಪೆಡಲಿಗೆ ಟೈರಿನ ಚೂರಿಟ್ಟು ತಾಮ್ರದ ತಂತಿ ಬಿಗಿದವಳು ಇವಳೇ. ಬಂಗಾರಪೇಟೆಗೆ ಹೋದಾಗಲೆಲ್ಲ ಗುಜರಿ ಅಂಗಡಿಗೆ ನುಗ್ಗುತ್ತಿದ್ದಳು. ಆ ಟೈರಿನ ಚೂರು, ತಂತಿ ಕಿತ್ತು ಮಾರಿರಬಹುದೆಂದು, ಒಂದೇ ಅಂಚು ಸವೆದ ಬಲ ಪೆಡಲು ಕಂಡರೆ ತಂದುಬಿಡುತ್ತಿದ್ದಳು. ಇದು ವಿಲಾಯ್ತಿದು, ಇದರ ರಬ್ಬರು ಆಮೇಲೆ ಹಾಕಿಸಿದ್ದು ಅಂತ ತಡವಿಯೇ ಹೇಳುತ್ತಿದ್ದಳು. ಜನ ತಲೆ ಕೆಟ್ಟಿದೆ ಅನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿದ್ದುಂಟು.

ಮಹಾಲಯ ಅಮಾವಾಸ್ಯೆ ಬಂದರೆ ಜಗಳ. ಅವನಿಗೂ ಒಂದು ಎಡೆ ಇಡು ಎಂದು ಹಿರಿಯರು ಹೇಳಿದರೆ ಉರಿದುಬೀಳುತ್ತಿದ್ದಳು. ಸತ್ತುಹೋದ ಅತ್ತೆಗೊಂದು, ಮಾವನಿಗೊಂದು, ಎರಡೇ ಎಲೆ. ಎಡೆ ಇಟ್ಟರೆ ತನ್ನ ಕುಂಕುಮ ಹೋಯಿತೆಂದೇ ಲೆಕ್ಕ ಅವಳಿಗೆ.

ಒಂದು ಬೇಸಿಗೆ ಬೇತಮಂಗಲದ ಕೆರೆ ನಡುಮಧ್ಯದವರೆಗೂ ಒಣಗಿತು. ಆಗೊಮ್ಮೆ ಅಕ್ಕನ ಜೊತೆ ನಾನೂ ಬಂಗಾರಪೇಟೆಗೆ ಹೋಗಿದ್ದೆ. ಕೆರೆಯ ಕೆಸರಲ್ಲಿ ಸಿಕ್ಕ ಸೈಕಲ್ಲಿನದಂತೆ ಎನ್ನುತ್ತ ಗುಜರಿಯವನು ಒಂದು ಪೆಡಲು ಮುಂದಿಟ್ಟ. ಟೈರಿನ ಚೂರು, ಹಸಿರುಗಟ್ಟಿದ ತಂತಿ. ಅಕ್ಕನ ಹೆಬ್ಬೆರಳು ಗಂಟಿನ ಮೇಲೆ ನಿಂತಿತು. ನಮ್ಮ ಹಿತ್ತಲ ಬೇಲಿಗೆ ಅವಳು ಬಿಗಿದುಕೊಟ್ಟಿದ್ದ ಗಂಟೂ ಥೇಟ್ ಹಾಗೇ ಇತ್ತು.

"ನಮ್ದಲ್ಲ ಕಣಮ್ಮ," ಅಂದಳು. "ನಡಿ, ಬಸ್ಸು ಓಗ್ಬಿಡ್ತದೆ."

ಬಸ್ಸಿನುದ್ದಕ್ಕೂ ಬಳೆ ತಿರುಗಿಸುತ್ತ ಕೂತಿದ್ದಳು. ಆಮೇಲೆ ಗುಜರಿಯ ಕಡೆ ತಲೆ ಹಾಕಲಿಲ್ಲ. ಆ ವರ್ಷದ ಅಮಾವಾಸ್ಯೆಗೆ ಮೂರು ಎಲೆ ಹಾಸಿ, ಮೂರನೆಯದರ ಮುಂದೆ ಗಂಡನ ಅಂಗಿ ಮಡಿಸಿಟ್ಟಳು. ಹಣೆಯಲ್ಲಿ ಕುಂಕುಮ ಇದ್ದೇ ಇತ್ತು. ಸಾಯುವವರೆಗೂ ಅವಳು ಅದನ್ನು ಅಳಿಸಲಿಲ್ಲ... ಅವಳು ಹೋದ ಮೇಲೆ ಪೆಡಲಿನ ಚೀಲ ನಮ್ಮ ಅಟ್ಟ ಸೇರಿತು.

ಬಂದವನು ಚೀಲ ಸುರಿದು ನೋಡಿ, ಎಲ್ಲ ಬಲಗಡೆಯವೇ ಇವೆಯಲ್ಲ, ಎಡಗಡೆಯವು ಎಲ್ಲಿ ಎಂದು ಕೇಳಿದ. ಎಲ್ಲ ತಗೊಂಡು ಹೋಗಪ್ಪ ಅಂದೆ.

ಇನ್ನೇನು ಮಹಾಲಯ ಬಂತು. ಅಕ್ಕನಿಗೂ ಅವಳ ಗಂಡನಿಗೂ ಎಡೆ ಇಡುವವರು ನನ್ನನ್ನು ಬಿಟ್ಟರೆ ಯಾರೂ ಉಳಿದಿಲ್ಲ. ಅಕ್ಕನ ಎಲೆಯ ಮುಂದೆ ಕುಂಕುಮದ ಭರಣಿ ಇಡುತ್ತೇನೆ. ಯಾರು ಏನೇ ಅನ್ನಲಿ, ಇಟ್ಟೇ ಇಡುತ್ತೇನೆ.