ಬಿಳಿ ಬೂಷ್ಟು, ನೀಲಿ ನೀರು

ಬಂಗಾರಪೇಟೆಯಲ್ಲಿ ನಾವು ಕೊಂಡ ಸೈಟು ಮೊದಲು ಲಾರಿ ರಿಪೇರಿ ಶೆಡ್ ಆಗಿತ್ತು. ರಿಜಿಸ್ಟ್ರೇಷನ್ ಮುಗಿದ ಮೇಲೆ ಒಂದು ಮೂಲೆ ಅಗೆದು ನೋಡಿದೆ. ಮೊಣಕೈ ಆಳಕ್ಕೂ ಮಣ್ಣು ಕಪ್ಪಗೆ, ಜಿಡ್ಡು ಜಿಡ್ಡು, ಡೀಸೆಲ್ ವಾಸನೆ. ಗರಿಕೆ ಕೂಡ ಹುಟ್ಟಿರಲಿಲ್ಲ. ರಿಟೈರ್ ಆದ ಮೇಲೆ ಅಲ್ಲಿ ಮನೆ ಕಟ್ಟಿ, ಒಂದು ಗಾರ್ಡನ್ ಮಾಡಬೇಕೆಂಬುದು ನನ್ನ ಒಂದೇ ಆಸೆ. ಚಿನ್ನದ ಗಣಿಯ ಕೋರಮಂಡಲ್ ಕ್ವಾರ್ಟರ್ಸ್‌ನಲ್ಲಿ ನೆಟ್ಟ ಗುಲಾಬಿಯೂ ಕಂಪನಿಯ ಗುಲಾಬಿಯೇ ಅಲ್ಲವೇ?

ಎಂಬತ್ತರ ದಶಕದ ಕೊನೆಯ ಮಾತು. ನಾನು ಕಾನ್ವೆಂಟಿನಲ್ಲಿ ಓದಿ, ಕಾನ್ವೆಂಟಿನಲ್ಲೇ ಸೈನ್ಸ್ ಟೀಚರ್ ಆದವಳು. ಸ್ಟಾಫ್ ರೂಮಿನ ಹಳೆಯ ಮ್ಯಾಗಜೀನಿನಲ್ಲಿ ಒಂದು ಆರ್ಟಿಕಲ್ ಕಣ್ಣಿಗೆ ಬಿತ್ತು: ಮರ ಕೊಳೆಸುವ ಬಿಳಿ ಶಿಲೀಂಧ್ರ ಮಣ್ಣಿನಲ್ಲಿ ಸೇರಿದ ಎಣ್ಣೆಯನ್ನೂ ಒಡೆದು ತಿನ್ನುತ್ತದಂತೆ. ಅಂಥ ಬೂಷ್ಟು ಹಿಡಿದ ಮರಕ್ಕಾಗಿ ನಾನು ಎಲ್ಲೂ ಹುಡುಕಬೇಕಿರಲಿಲ್ಲ. ನಮ್ಮ ಯಜಮಾನರು ಗಣಿಯೊಳಗೆ ಕಲ್ಲು ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುವ ಮೇಸ್ತ್ರಿ. ಬೂಷ್ಟು ಹಿಡಿದ ದಿಮ್ಮಿಯನ್ನು ಅವರೇ ಬಡಿದು ನೋಡಿ ಮೇಲಕ್ಕೆ ಕಳಿಸುತ್ತಿದ್ದರು; ಅದು ಸೌದೆಗೆ ಹೋಗುತ್ತಿತ್ತು.

"ಕೊಳೆತದ್ದೇ ಬೇಕು ರೀ," ಎಂದೆ.

"ಊರೆಲ್ಲಾ ಒಣಗಿದ್ ಸೌದೆ ಕೇಳ್ತದೆ, ನಮ್ ಟೀಚರಮ್ಮಂಗೆ ಬೂಷ್ಟು ಬೇಕಂತೆ," ಎಂದು ನಕ್ಕರು. ಆದರೂ ಗಾಡಿ ಮಾಡಿಸಿ ತಂದುಹಾಕಿದರು.

ಅಗೆದ ಮೂಲೆಯ ಮಣ್ಣಿಗೆ ಮರದ ಹೊಟ್ಟು, ರಾಗಿ ಹುಲ್ಲು ಬೆರೆಸಿ, ದಿಮ್ಮಿಯ ಚೂರುಗಳನ್ನು ಹೂತು ಒದ್ದೆ ಗೋಣಿ ಹೊದಿಸಿದೆ. ಭಾನುವಾರ ನಾನು ಟ್ರೇನಿನಲ್ಲಿ ಹೋಗಿ ನೀರು ಹಾಕುತ್ತಿದ್ದೆ. ಬುಧವಾರ ಅವರ ಪಾಳಿ. ಬೂದಿಕೋಟೆ ಕಡೆಯಿಂದ ಹಾಲು ತರುವ ಹೆಂಗಸು ನಿಂತು ನೋಡಿ, "ಏನಮ್ಮಾ, ಸೌದೆಗೆ ನೀರು ಉಯ್ತಿದ್ದೀರಿ, ಚಿಗುರ್ತದಾ?" ಎಂದು ಗೇಲಿ ಮಾಡುತ್ತಿದ್ದಳು.

ಮೂರು ತಿಂಗಳಿಗೆ ಡೀಸೆಲ್ ವಾಸನೆ ಇಳಿದು, ಮಳೆ ಬಿದ್ದ ಕಾಡಿನ ವಾಸನೆ ಬಂತು. ಗೋಣಿ ಎತ್ತಿದರೆ ಹತ್ತಿಯೆಳೆಯಂಥ ಬಿಳಿ ಬಲೆ, ಅಂಚಿಗೆ ಪುಟ್ಟ ಅಣಬೆಗಳು. ಆ ಭಾನುವಾರ ಅವರನ್ನೂ ಕರೆದುಕೊಂಡು ಹೋಗಿ ತೋರಿಸಿದೆ. ಲುಕ್, ಲುಕ್ ಎಂದು ಮಗುವಿನ ಹಾಗೆ ಕುಣಿದೆ. ಅವರು ಒಂದು ಚೂರನ್ನು ಬೆರಳಿನಿಂದ ಬಡಿದು ನೋಡಿ, ಕೈ ಒರೆಸಿಕೊಂಡರು. ಸಂಕೋಚದ ಮನುಷ್ಯ, ಮೆಚ್ಚಿರಬೇಕು ಎಂದುಕೊಂಡೆ.

ಅಲ್ಲಿಂದಾಚೆ ಬಲೆ ಕಂದಿತು, ಅಣಬೆ ಕಪ್ಪಾಗಿ ಕುಗ್ಗಿತು. ಹುಲ್ಲು ಬದಲಿಸಿದೆ, ನೆರಳು ಕಟ್ಟಿದೆ. ಪ್ರತಿ ಬುಧವಾರ ಅವರು ಬಂದು, "ನೀರಾಕ್ದೆ, ಚೆನ್ನಾಗದೆ," ಎನ್ನುತ್ತಿದ್ದರು. ತಪ್ಪು ನನ್ನದೇ ಎಂದು ನೋಟ್‌ಬುಕ್ಕಿನಲ್ಲಿ ನನ್ನ ಮಿಸ್ಟೇಕುಗಳನ್ನೇ ಬರೆದುಕೊಂಡೆ.

ಕೊನೆಗೆ ಹಾಲಿನವಳೇ ಹೇಳಿದಳು: "ಅಯ್ಯೋರು ಬುಧವಾರ ನೀಲಿ ನೀರು ಉಯ್ತಾರಲ್ಲಮ್ಮಾ. ನೀವೇ ಏಳಿರ್ಬೇಕು ಅನ್ಕಂಡೆ."

ಅವರ ಬಕೆಟ್ಟಿನ ತಳ ನೋಡಿದೆ. ಮೈಲುತುತ್ತದ ನೀಲಿ ಕರೆ. ಮರಕ್ಕೆ ಬೂಷ್ಟು ಹಿಡಿಯದಂತೆ ಬಳಿಯುವ ವಿಷ.

ಮನೆಗೆ ಬಂದು ಕೇಳಿದೆ. ಅವರು ಸುಳ್ಳಾಡಲಿಲ್ಲ.

"ಬೂಷ್ಟು ಇಡಿದ್ ದಿಮ್ಮಿ ಮುರಿದು ನನ್ ಜೊತೆಯೋನು ಕಣ್ಣೆದುರಿಗೇ ಸತ್ತೋದ ಕಣೇ. ಅದನ್ನ ತಂದು ನಮ್ ಮನೆ ಪಾಯದಾಗೆ ಸಾಕ್ತೀಯಲ್ಲ? ನಾಳೆ ಬಾಗ್ಲು, ತೊಲೆ ಎಲ್ಲಾ ತಿಂತದೆ."

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲ?"

"ಏಳಿದ್ರೆ ಇಂಗ್ಲೀಷ್ ಪೇಪರ್ ಓದಿ ಬಾಯಿ ಮುಚ್ಚಿಸ್ತಿದ್ದೆ."

ಅದು ನಿಜವೇ. ಅವರ ಭಯವೂ ನನಗೆ ಅರ್ಥವಾಯಿತು. ಅರ್ಥವಾಗದೇ ಉಳಿದದ್ದು ಆ "ಚೆನ್ನಾಗದೆ". ಅಷ್ಟು ಬುಧವಾರ, ಕಾಫಿ ಲೋಟ ಕೈಯಲ್ಲಿ ಹಿಡಿದು, ನನ್ನ ಮುಖ ನೋಡಿಕೊಂಡೇ ಹೇಳಿದ್ದು.

ಎಣ್ಣೆಯನ್ನಾದರೂ ಶಿಲೀಂಧ್ರ ತಿನ್ನುತ್ತಿತ್ತು. ಮೈಲುತುತ್ತದ ತಾಮ್ರವನ್ನು ಅದು ಅರಗಿಸಿಕೊಳ್ಳಲಾರದು; ಅದು ಮಣ್ಣಿನಲ್ಲೇ ಉಳಿದು ಗಿಡದ ಬೇರನ್ನೂ ಸುಡುತ್ತದೆ. ಇದನ್ನೂ ವಿವರಿಸಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿ, ಮುಂದಿನ ವಾರ ತಾವೇ ಆ ಮೂಲೆಗೆ ಚಪ್ಪಡಿ ಹಾಸಿದರು. ಗಿಡಗಳನ್ನು ಕುಂಡದಲ್ಲಿ ಬೆಳೆಸಿದೆ.

ಆಮೇಲೆ ಅಲ್ಲೇ ಮನೆ ಕಟ್ಟಿ ಬಹಳ ವರ್ಷ ಚೆನ್ನಾಗಿಯೇ ಬಾಳಿದೆವು. ಆದರೆ ಮಲಗುವ ಮುಂಚೆ ಅವರು "ಗ್ಯಾಸ್ ಆಫ್ ಮಾಡ್ದೆ" ಎಂದರೂ, ನಾನು ಒಮ್ಮೆ ಎದ್ದು ಹೋಗಿ ನೋಡಿ ಬರುತ್ತಿದ್ದೆ.