ಸಡಿಲ ಕೋಟು

ಫ್ಯಾಷನ್ ಅಂಗಡಿಯಲ್ಲಿ ಬೊಂಬೆಗಳಿಗೆ ಬಟ್ಟೆ ತೊಡಿಸುವ ಅಕ್ಕನ ಸಂಬಳ ಅಲ್ಲಿನ ಒಂದು ಉಡುಪಿಗೂ ಸಾಲದು. ಆದರೂ ಗಿರಾಕಿಗಳು ಬೊಂಬೆ ಬಿಟ್ಟು ಅವಳನ್ನೇ ನೋಡುತ್ತಾರೆ. ಅವಳ ಕತ್ತರಿಗೆ ಸಿಕ್ಕರೆ ಹಳೆಯ ಪರದೆ ಲಂಗವಾಗುತ್ತದೆ, ತಮ್ಮನ ಪ್ಯಾಂಟು ಕೈಚೀಲವಾಗುತ್ತದೆ. ಮನೆಯ ದಿಂಬುಗಳೂ ಹೆದರಿಕೊಂಡೇ ಮಲಗುತ್ತವೆ. "ಎಲ್ಲಿ ತಗೊಂಡ್ರಿ?" ಎಂದು ಯಾರಾದರೂ ಕೇಳಿದರೆ, "ಅಯ್ಯೋ, ಹಳೇದು ಕಣ್ರೀ" ಎಂದು ನಿಜವನ್ನೇ ಹೇಳುತ್ತಾಳೆ; ಯಾರೂ ನಂಬುವುದಿಲ್ಲ. ಚಳಿ ಶುರುವಾದರೆ ಮಾತ್ರ ಭುಜದಿಂದ ಜಾರುವ ಗಂಡನ ಕೋಟನ್ನು ತೋಳು ಮಡಚಿ ಹಾಕಿಕೊಳ್ಳುತ್ತಾಳೆ. ಈ ವರ್ಷ ಅಂಗಡಿಯ ಹುಡುಗಿಯರೂ ಅದೇ ಹೊಸ ಫ್ಯಾಷನ್ನೆಂದು ದೊಗಲೆ ಕೋಟು ತೊಟ್ಟು ಬಂದರು. ಅಕ್ಕನ ಜಾರುವ ಕೋಟು ನೋಡಿ ಅಂಗಡಿಯ ದರ್ಜಿಗೆ ತಡೆಯಲಾಗಲಿಲ್ಲ. "ಕೊಡಮ್ಮ, ನಿನ್ನ ಅಳತೆಗೆ ಸರಿಮಾಡ್ಕೊಡ್ತೀನಿ" ಎಂದ. ಗಂಡ ಕೆಲಸಕ್ಕೆ ಹೋಗಿದ್ದ ಹಡಗು ಅವನಿಲ್ಲದೆ ಮರಳಿ ಬಂದು ಎಷ್ಟೋ ವರ್ಷಗಳಾಗಿದ್ದವು. ಅಕ್ಕ ಕೋಟನ್ನು ಎದೆಗೆ ಅವಚಿಕೊಂಡು, "ಬೇಡಪ್ಪ, ಆಮೇಲೆ ಅವರಿಗೆ ಬಿಗಿಯಾಗುತ್ತೆ" ಎಂದಳು.